ಹೆದರಿ ಸತ್ತರೆ ಕಂಪೆನಿ ಹೊಣೆಯಲ್ಲ

ಬೆಳ್ಳಾರೆ
೧೭–೨–೧೯೬೫

ಪ್ರೀತಿಯ ಪ್ರೇಮಾ,

ನೀನು ಮದುವೆಯಾಗಿ ಕೊಯಿಲಕ್ಕೆ ಹೋದ ಮೇಲೆ ಈ ಊರಿನಲ್ಲಿ ಏನೂ ನಡೆಯುವುದಿಲ್ಲ ಎಂದು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದೆನಲ್ಲ, ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಕಳೆದ ಶನಿವಾರ ನಮ್ಮ ಮನೆಯ ಚಾವಡಿಯಲ್ಲಿ ಪ್ರೇತದ ಇಂಗ್ಲಿಷ್ ಸಿನಿಮಾ ಆಯಿತು! ನಿನ್ನ ಯಜಮಾನರಿಗೆ ಸರಕಾರಿ ಫಾರ್ಮಿನ ದನಗಳನ್ನು ಒಂದು ದಿನ ಬಿಟ್ಟು ಬರಲಾಗುವುದಿಲ್ಲವೆಂದು ನೀನೂ ಬರಲಿಲ್ಲ. ಈಗ ಹೊಟ್ಟೆ ಉರಿಸಿಕೋ.

ಉಸ್ಮಾನ್ ನೆನಪಿದ್ದಾನಲ್ಲ? ಬಟ್ಟೆ ಅಂಗಡಿಯ ಐಸಮ್ಮನ ಮಗ, ಐದನೇ ಕ್ಲಾಸಿನವರೆಗೆ ನಮ್ಮ ಹಿಂದಿನ ಬೆಂಚಿನಲ್ಲಿದ್ದವನು. ಈಗ ಬೊಂಬಾಯಿಯಲ್ಲಿ ಸಿನಿಮಾ ಬಾಡಿಗೆಗೆ ಕೊಡುವ ಆಫೀಸಿನಲ್ಲಿದ್ದಾನೆ. ರಜೆಯಲ್ಲಿ ಬರುವಾಗ ಒಂದು ಸಣ್ಣ ಪ್ರೊಜೆಕ್ಟರನ್ನೂ, ಆಫೀಸಿನವರು ಹಳತಾಯಿತೆಂದು ಬಿಸಾಡಿದ ಒಂದು ಚಿತ್ರವನ್ನೂ ತಂದಿದ್ದ. ಐಸಮ್ಮ ತಮ್ಮ ಮನೆಯೊಳಗೆ ಪ್ರೇತ ಬೇಡವೆಂದರು. ನನ್ನ ಅಪ್ಪ, "ಹಾಗಾದ್ರೆ ನಮ್ಮಲ್ಲಿ ಮಾಡುವ ಮಾರಾಯ" ಎಂದುಬಿಟ್ಟರು. ಅಪ್ಪನ ಉತ್ಸಾಹ ನೋಡಿ ನನಗೇ ಆಶ್ಚರ್ಯ. ಒಕ್ಕಲಿನವರ ಮನೆಮನೆಗೆ ತಾವೇ ನಡೆದುಹೋಗಿ ಕರೆದು ಬಂದರು. ಶುಕ್ರವಾರ ಬಸ್ಸು ಹತ್ತಿ ಪುತ್ತೂರಿಗೆ ಹೋಗಿ ಜನರೇಟರನ್ನೂ ಗೊತ್ತು ಮಾಡಿದರು. ಮದುವೆ ಮನೆಗೆ ಹೋಗಲೂ ಬೇಜಾರು ಮಾಡುವ ಬೋಜಪ್ಪ ಗೌಡರು ಇವರೇನಾ ಎಂದು ಅಮ್ಮ ನಕ್ಕರು.

ಚಿತ್ರದ ವಿಶೇಷವೆಂದರೆ ಅದರ ಜತೆಗೆ ಬಂದ ಎರಡು ಆಟಗಳು. ಮೊದಲನೆಯದು ಒಂದು ಫಾರಮು. ಮೇಲೆ ಬುರುಡೆಯ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು: ಈ ಚಿತ್ರ ನೋಡಿ ಹೆದರಿ ಸತ್ತರೆ ಕಂಪೆನಿ ಹೊಣೆಯಲ್ಲ. ಸಹಿ ಹಾಕದವರಿಗೆ ಪ್ರವೇಶವಿಲ್ಲ. ಆ ದೇಶದಲ್ಲಿ ಜನರನ್ನು ಸೆಳೆಯಲು ಹೀಗೆಲ್ಲ ಮಾಡುತ್ತಾರಂತೆ. ಎರಡನೆಯದು ರಟ್ಟಿನ ಕನ್ನಡಕ. ಮೇಲರ್ಧ ಕೆಂಪು ಹಾಳೆ, ಕೆಳಗರ್ಧ ನೀಲಿ ಹಾಳೆ. ಧೈರ್ಯವಿದ್ದವರು ಕೆಂಪಿನಲ್ಲಿ ನೋಡಿದರೆ ಪರದೆಯ ಮೇಲೆ ಪ್ರೇತ ಕಾಣುತ್ತದೆ. ಹೆದರುಪುಕ್ಕಲರು ನೀಲಿಯಲ್ಲಿ ನೋಡಿದರೆ ಅದೇ ಜಾಗ ಖಾಲಿ.

ಬುಧವಾರವೇ ಉಸ್ಮಾನ್ ಕನ್ನಡಕದ ಕಟ್ಟನ್ನು ನಮ್ಮಲ್ಲಿಟ್ಟು ಹೋಗಿದ್ದ. ಅಪ್ಪ ಒಂದನ್ನು ಹಾಕಿಕೊಂಡು ಮನೆಯೆಲ್ಲ ಸುತ್ತಿದರು. ಕ್ಯಾಲೆಂಡರಿನ ಮುಂದೆ ನಿಂತು, "ಸತ್ಯಾ, ಬಾ ಇಲ್ಲಿ! ಆದಿತ್ಯವಾರ ಎಲ್ಲ ಎಲ್ಲಿಗೆ ಹೋಯ್ತು?" ಎಂದು ಕೂಗಿದರು. ನಾನೂ ನೋಡಿದೆ. ಕೆಂಪಿನಲ್ಲಿ ಅಚ್ಚಾದ ಭಾನುವಾರಗಳೂ ಹಬ್ಬಗಳೂ ಕೆಂಪು ಹಾಳೆಯಲ್ಲಿ ಪೂರ್ತಿ ಮಾಯ, ಕಪ್ಪು ತಾರೀಕು ಮಾತ್ರ ಉಂಟು. "ಇನ್ನು ನಿನ್ನ ಶಾಲೆಗೆ ರಜೆಯೇ ಇಲ್ಲ" ಎಂದು ಚುಡಾಯಿಸಿದರು. ಅಷ್ಟು ನಗುವ ಅಪ್ಪನನ್ನು ನಾನು ನೋಡಿ ವರ್ಷಗಳಾಗಿದ್ದವು.

ಕಥೆ ಇಷ್ಟೆ: ಒಬ್ಬ ಗಡಿಯಾರದ ಅಂಗಡಿಯವನು. ರಿಪೇರಿಗೆ ಕೊಟ್ಟು ವಾಪಸು ಸಿಗದೆ ಸತ್ತುಹೋದ ಗಿರಾಕಿಗಳೆಲ್ಲ ಪ್ರೇತಗಳಾಗಿ ಸಂಜೆ ಏಳು ಹೊಡೆಯುವಾಗ ಗಡಿಯಾರ ಕೇಳಿಕೊಂಡು ಬರುತ್ತಾರೆ. ಉಸ್ಮಾನ್ ಪರದೆಯ ಪಕ್ಕ ನಿಂತು ಎಲ್ಲವನ್ನೂ ಕನ್ನಡದಲ್ಲಿ ಹೇಳಿದ. ನಿನ್ನ ಅಪ್ಪನದ್ದೇ ದೊಡ್ಡ ಗಮ್ಮತ್ತು. "ನಮ್ಮ ಭೂತಕ್ಕೆ ಹೆಸರು ಉಂಟು, ಜಾಗ ಉಂಟು. ಇದಕ್ಕೆ ಎಂತದೂ ಇಲ್ಲ, ಬರೀ ವಾಚು ಬೇಕಂತೆ" ಎಂದು ಎಲ್ಲರನ್ನೂ ನಗಿಸಿದರು. ಕನ್ನಡಕ ಕೈಗೆ ಸಿಕ್ಕಿದಾಗಿನಿಂದ ಅದನ್ನು ತೆಗೆಯಲೇ ಇಲ್ಲ. ಚಾ ಕುಡಿಯುವಾಗಲೂ ಹಾಗೇ. ಕೆಂಪು ಚಾ, ಕೆಂಪು ಬೋಜಪ್ಪಣ್ಣ, ಕೆಂಪು ಟೀಚರು ಎಂದು ಹೇಳುತ್ತ ತಿರುಗಿದರು. ಐಸಮ್ಮ ಮಾತ್ರ ಇಡೀ ಚಿತ್ರವನ್ನು ನೀಲಿಯಲ್ಲೇ ನೋಡಿ, ಕೊನೆಗೆ, "ಎಂತ ಪ್ರೇತ? ನಂಗೆ ಒಂದೂ ಕಾಣ್ಲಿಲ್ಲ" ಎಂದು ಮಗನನ್ನು ಬೈದರು. ಗುಟ್ಟು ಹೇಳುತ್ತೇನೆ, ನಾನೂ ನೀಲಿಯಲ್ಲೇ ನೋಡಿದೆ.

ಇನ್ನೊಂದು ಮಾತು. ಒಕ್ಕಲಿನವರೆಲ್ಲ ಫಾರಮಿಗೆ ಹೆಬ್ಬೆಟ್ಟು ಒತ್ತಿದರು. ನಿನ್ನ ಅಪ್ಪ ಒಬ್ಬರೇ ಪೆನ್ನು ಕೇಳಿ ಪಡೆದು, ನಾನು ಕಲಿಸಿದ ಹಾಗೆಯೇ ಕುಕ್ಕಪ್ಪ ಗೌಡ ಎಂದು ಬರೆದು, ಕೆಳಗೆ ಗೆರೆ ಎಳೆದು, ಗೆರೆಯ ತುದಿಗೆ ಎರಡು ಚುಕ್ಕಿ ಇಟ್ಟರು. ವಯಸ್ಕರ ಕ್ಲಾಸು ಶುರುಮಾಡಿ ಒಂದು ವರ್ಷವಾಯಿತು. ನನಗೆ ಅಳು ಬಂದಂತಾಯಿತು ಪ್ರೇಮಾ, ಸಂತೋಷಕ್ಕೆ.

ನಿನ್ನ
ಸತ್ಯಾ


ಕೊಯಿಲ
೧೪–೩–೧೯೬೫

ಪ್ರೀತಿಯ ಸತ್ಯಾ,

ನಿನ್ನ ಕಾಗದ ಓದಿ ನಾನೂ ನಕ್ಕಿದ್ದೆ. ಆಗಲೇ ಉತ್ತರ ಬರೆದಿದ್ದರೆ ಚೆನ್ನಾಗಿತ್ತು. ಈಗ ಬರೆಯುವುದು ಬೇರೆ ಕಾಗದ.

ಹೋದ ವಾರ ಅಪ್ಪ ಬಂದಿದ್ದರು. ಅಂಗಿಯ ಕಿಸೆಯಲ್ಲಿ ಆ ರಟ್ಟಿನ ಕನ್ನಡಕ. ಊಟಕ್ಕೆ ಕುಳಿತಾಗ ಇವರು ಫಾರ್ಮಿನಲ್ಲಿ ಕೇಳಿದ ಸುದ್ದಿ ಹೇಳಿದರು. ಉಳುವವನಿಗೆ ಹಕ್ಕು ಕೊಡುವ ಹೊಸ ಕಾನೂನು ಈ ವರ್ಷ ಜಾರಿಗೆ ಬರಲಿದೆಯಂತೆ. ಅದಕ್ಕೆ ಮೊದಲೇ ಕೆಲವು ಧನಿಗಳು ಒಕ್ಕಲಿನವರಿಂದ "ಗೇಣಿ ಭೂಮಿಯನ್ನು ನಾನಾಗಿ ಬಿಟ್ಟುಕೊಟ್ಟೆ" ಎಂದು ಬರೆಸಿಕೊಳ್ಳುತ್ತಿದ್ದಾರಂತೆ. ಸಹಿ ಮೊದಲು, ಬರಹ ಆಮೇಲೆ. ಇವರು ಅಷ್ಟು ಹೇಳುವಾಗ ಅಪ್ಪನ ಕೈ ಬಟ್ಟಲಲ್ಲೇ ನಿಂತಿತು.

"ನಾನು ಎರಡು ಸಲ ಸಹಿ ಹಾಕಿದ್ದೇನೆ ಮಗಾ" ಎಂದರು.

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಮೊದಲು ಉಸ್ಮಾನನ ಬುರುಡೆ ಫಾರಮಿಗೆ ಸಹಿ ಹಾಕಿದರು. ಕನ್ನಡಕ ಹಂಚಿ ಆಯಿತು. ಇನ್ನೇನು ಚಿತ್ರ ಶುರುವಾಗಬೇಕು ಎನ್ನುವಾಗ ನಿನ್ನ ಅಪ್ಪ ಒಂದು ಹಲಗೆಯ ಮೇಲೆ ಇನ್ನೊಂದು ಕಾಗದ ಇಟ್ಟುಕೊಂಡು ಬಂದು, "ನಿನ್ನದು ಶಾಯಿ ಹರಡಿ ಹೋಯ್ತು ಕುಕ್ಕಪ್ಪ. ಉಸ್ಮಾನ್ ಇನ್ನೊಂದು ಬೇಕು ಅಂತಾನೆ. ಅಡಿಯಲ್ಲಿ ಹಾಕು" ಎಂದರಂತೆ. ಬುರುಡೆ ಎಲ್ಲಿ ಎಂದು ಅಪ್ಪ ಕೇಳಿದರಂತೆ. ಬುರುಡೆಯ ಫಾರಮು ಮುಗಿಯಿತು ಎಂದರಂತೆ. ಅಪ್ಪ ಹಾಕಿದರು.

ನನ್ನ ಅಪ್ಪನ ಗುಣ ನಿನಗೆ ಗೊತ್ತುಂಟು. ತಿನ್ನುವ ಬೆಲ್ಲವನ್ನೂ ಎರಡು ಸಲ ಮೂಸಿ ನೋಡುವವರು. ನಾನು ಕೇಳಿದೆ, ಆ ಕಾಗದ ಹೇಗಿತ್ತು ಎಂದು. "ನೋಡಿದ್ದೇನೆ ಮಗಾ. ಮೇಲಿಂದ ಕೆಳಗಿನವರೆಗೆ ನೋಡಿದ್ದೇನೆ. ಮುದ್ರೆ ಇಲ್ಲ, ಅಚ್ಚು ಇಲ್ಲ, ಬರೀ ಕಾಗದ. ಆದ್ರೆ ದಪ್ಪ ಇತ್ತು. ಫಾರಮು ಈರುಳ್ಳಿ ಸಿಪ್ಪೆಯ ಹಾಗೆ ಇತ್ತು, ಇದು ಹಾಗೆ ಅಲ್ಲ" ಎಂದರು.

ಈಗ ನನ್ನ ತಲೆಯಲ್ಲಿ ತಿರುಗುವುದನ್ನೂ ಬರೆಯುತ್ತೇನೆ. ಮಜ್ಜಿಗೆ ಕೇಳಿದರೆ ಮುಖ ತಿರುಗಿಸುವ ಬೋಜಪ್ಪ ದೊಡ್ಡಪ್ಪ ಒಕ್ಕಲಿನವರ ಮನೆಗೇ ನಡೆದುಹೋಗಿ ಸಿನಿಮಾಕ್ಕೆ ಕರೆದದ್ದು ಯಾಕೆ? ಐಸಮ್ಮ ಬೇಡ ಎಂದ ಸಿನಿಮಾ ನಿಮ್ಮ ಮನೆಗೇ ಬಂದದ್ದು ಯಾಕೆ? ಉಸ್ಮಾನನಿಗೂ ನಿನ್ನ ಅಪ್ಪನಿಗೂ ಏನು ಮಾತಾಗಿತ್ತು?

ನಿಮ್ಮ ಬೈಲುಗದ್ದೆಯನ್ನು ಅಪ್ಪ ಇಪ್ಪತ್ತೆರಡು ವರ್ಷದಿಂದ ಗೇಣಿಗೆ ಉಳುತ್ತಿದ್ದಾರೆ. ಮನೆ ಇರುವುದೂ ಅದರ ಅಂಚಿನಲ್ಲೇ. ಅದು ಹೋದರೆ ಅಪ್ಪ ಅಮ್ಮ ನಾಳೆ ಬೆಳಿಗ್ಗೆ ಎದ್ದು ಹೋಗುವುದು ಎಲ್ಲಿಗೆ? ನನ್ನಲ್ಲಿ ಸಿಟ್ಟಿಲ್ಲ ಸತ್ಯಾ, ಹೆದರಿಕೆ ಉಂಟು. ಆ ಕಾಗದಗಳನ್ನು ನೀನು ಒಮ್ಮೆ ಕಣ್ಣಾರೆ ನೋಡಿ ಹೇಳು. ಅಷ್ಟು ಸಾಕು.

ನಿನ್ನ
ಪ್ರೇಮಾ


ಬೆಳ್ಳಾರೆ
೨೦–೩–೧೯೬೫

ಪ್ರೇಮಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನನಗೆ ಹೆದರಿಕೆಯಾಗಲಿಲ್ಲ, ಅವಮಾನವಾಯಿತು.

ನನ್ನ ಅಪ್ಪ ಜಿಪುಣ, ಒಪ್ಪಿದೆ. ಮುಂಗೋಪಿ, ಒಪ್ಪಿದೆ. ನಿನ್ನ ಅಪ್ಪನಿಗೆ ವರಸೆಯಲ್ಲಿ ಅಣ್ಣ ಆಗಬೇಕಾದವರು. ನಿನ್ನ ಮದುವೆಯ ಚಪ್ಪರ ಹಾಕಿಸಿದವರು. ಒಂದು ದಿನ ಅವರು ಮನಸ್ಸು ಬಿಚ್ಚಿ ನಕ್ಕರೆ ಅದಕ್ಕೂ ಕಾರಣ ಹುಡುಕುತ್ತೀಯಲ್ಲ! ಆ ಉಸ್ಮಾನ್ ರಜೆಯನ್ನೆಲ್ಲ ಊರಿಗೆ ಸಿನಿಮಾ ತೋರಿಸುವುದರಲ್ಲಿ ಕಳೆದ. ಅವನಿಗೆ ಸಿಕ್ಕಿದ ಉಪಕಾರ ಇದು.

ನಿನ್ನ ಅಪ್ಪನೇ ಹೇಳುತ್ತಾರೆ, ಮುದ್ರೆ ಇರಲಿಲ್ಲವೆಂದು. ಮುದ್ರೆ ಇಲ್ಲದ ಖಾಲಿ ಕಾಗದ ಯಾವ ಆಫೀಸಿನಲ್ಲೂ ನಡೆಯುವುದಿಲ್ಲ. ಛಾಪಾ ಕಾಗದವಾಗಿದ್ದರೆ ಮೇಲೆ ಅಂಗೈ ಅಗಲದ ಮುದ್ರೆ ಇರುತ್ತದೆ. ಬೆಲ್ಲ ಮೂಸಿ ನೋಡುವವರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಕಾಗದದ ದಪ್ಪದ ಮೇಲೆ ಒಬ್ಬ ಮನುಷ್ಯನನ್ನು ಕಳ್ಳನೆನ್ನಲು ಆಗುವುದಿಲ್ಲ.

ಆದರೂ ಉಸ್ಮಾನನಿಗೆ ಇವತ್ತೇ ಬರೆಯುತ್ತೇನೆ. ಫಾರಮುಗಳನ್ನೆಲ್ಲ ಅವನೇ ತಮಾಷೆಗೆಂದು ಬೊಂಬಾಯಿಗೆ ತೆಗೆದುಕೊಂಡು ಹೋಗಿದ್ದಾನೆ. ಬಂದ ಮೇಲೆ ನಿನಗೆ ಕಳಿಸುತ್ತೇನೆ. ಆಗ ನೀನು ನನ್ನ ಅಪ್ಪನ ಕ್ಷಮೆ ಕೇಳಬೇಕು.

ನಿನ್ನ ಅಪ್ಪ ಈ ವಾರ ಕ್ಲಾಸಿಗೆ ಬರಲಿಲ್ಲ. ಯಾಕೆಂದು ಈಗ ಗೊತ್ತಾಯಿತು.

ಸತ್ಯವತಿ


ಬೊಂಬಾಯಿ
೧೧–೪–೧೯೬೫

ಸತ್ಯವತಿಯವರಿಗೆ ಉಸ್ಮಾನನ ಸಲಾಂ.

ಕಾಗದ ತಲುಪಿತು. ಸಿಟ್ಟಿನಲ್ಲಿ ಬರೆಯುವುದು ಬೇಡವೆಂದು ಉತ್ತರವನ್ನು ಒಂದು ದಿನ ಮುಂದೆ ಹಾಕಿದೆ. ಎಷ್ಟಾದರೂ ಕುಕ್ಕಪ್ಪಣ್ಣ ನಾನು ಸಣ್ಣವನಿದ್ದಾಗ ಹೊಳೆ ದಾಟಿಸಿ ಶಾಲೆಗೆ ಬಿಡುತ್ತಿದ್ದವರು. ಅವರ ಮನಸ್ಸಿನಲ್ಲಿ ನನ್ನ ಹೆಸರು ಹೀಗೆ ಬಂತಲ್ಲ ಎಂದು ಬೇಸರವಾಯಿತು. ಅವರನ್ನು ದೂರುವುದಿಲ್ಲ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿದವನು ನಾನೇ. ನನಗೆ ಅದು ಆಟ. ಇಲ್ಲಿ ಯಾರೂ ಅದನ್ನು ಓದುವುದೂ ಇಲ್ಲ, ನಕ್ಕು ಗೀಚುತ್ತಾರೆ. ನಮ್ಮ ಕಡೆ ಸಹಿ ಎಂದರೆ ಏನೆಂದು ನಾನು ಬೊಂಬಾಯಿಗೆ ಬಂದು ಮರೆತಿದ್ದೆ.

ಫಾರಮುಗಳೆಲ್ಲ ಇದರೊಂದಿಗೆ ಇವೆ. ನೋಡಿದವರು ಮೂವತ್ತೆಂಟು ಜನ, ಇರುವುದು ಮೂವತ್ತೆಂಟು. ನಿಮ್ಮದೂ ಉಂಟು, ನನ್ನ ತಾಯಿಯ ಹೆಬ್ಬೆಟ್ಟೂ ಉಂಟು. ಕುಕ್ಕಪ್ಪಣ್ಣನದು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ನೀವೇ ನೋಡಿ, ಶಾಯಿ ಎಲ್ಲೂ ಹರಡಿಲ್ಲ.

ಇನ್ನೊಂದು ಕಾಗದದ ವಿಷಯ ನನಗೆ ಗೊತ್ತಿಲ್ಲ. ನಾನು ಯಾರಿಂದಲೂ ಎರಡು ಸಲ ಬರೆಸಲಿಲ್ಲ. ಬೋಜಪ್ಪಣ್ಣನ ಹತ್ತಿರ ಬೇಕು ಎಂದು ಹೇಳಿದ್ದೂ ಇಲ್ಲ. ಫಾರಮು ಮುಗಿದಿರಲಿಲ್ಲ, ಬುರುಡೆಯದ್ದು ಇನ್ನೂ ಅರ್ಧ ಕಟ್ಟು ಉಳಿದಿತ್ತು. ಇಷ್ಟೇ ನನಗೆ ಗೊತ್ತಿರುವುದು. ಇದಕ್ಕಿಂತ ಹೆಚ್ಚು ನಾನು ಹೇಳಬಾರದು. ನಿಮ್ಮ ಮನೆಯ ಚಾ ಕುಡಿದವನು ನಾನು.

ನಿಮ್ಮ ವಿಶ್ವಾಸಿ
ಉಸ್ಮಾನ್


ಬೆಳ್ಳಾರೆ
೨–೫–೧೯೬೫

ಪ್ರೇಮಾ,

ಉಸ್ಮಾನ್ ಫಾರಮುಗಳನ್ನು ಕಳಿಸಿದ್ದಾನೆ. ನಿನ್ನ ಅಪ್ಪನದನ್ನು ಇದರ ಜತೆ ಇಟ್ಟಿದ್ದೇನೆ. ಬುರುಡೆಯೂ ಉಂಟು, ಸಹಿಯೂ ಉಂಟು, ಗೆರೆ ಚುಕ್ಕಿ ಎಲ್ಲ ಸರಿಯಾಗಿದೆ. ಇನ್ನಾದರೂ ನಿನಗೆ ಸಮಾಧಾನವಾಗಲಿ.

ಇಲ್ಲಿ ಸೆಕೆ ಹೆಚ್ಚು. ಶಾಲೆಗೆ ರಜೆ ಸಿಕ್ಕಿದೆ. ಬೇರೆ ವಿಶೇಷವಿಲ್ಲ.

ಸತ್ಯವತಿ


ಕೊಯಿಲ
೯–೫–೧೯೬೫

ಸತ್ಯವತಿ ಟೀಚರರಿಗೆ,

ಫಾರಮು ಬಂತು. ನಾನೂ ನೋಡಿದೆ, ಇವರೂ ನೋಡಿದರು. ದೀಪದ ಎದುರು ಹಿಡಿದು ನೋಡಿದೆವು. ಶಾಯಿ ಒಂದು ಚುಕ್ಕಿಯಷ್ಟೂ ಹರಡಿಲ್ಲ. ಹಾಗಾದರೆ ಇನ್ನೊಂದು ಸಹಿ ಯಾಕೆ ಬೇಕಾಯಿತು?

ನಿಮ್ಮ ಕಾಗದದಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ಸೆಕೆಯ ಬಗ್ಗೆ ಉಂಟು. ಶಾಲೆಯ ರಜೆಯ ಬಗ್ಗೆ ಉಂಟು. ಉಸ್ಮಾನ್ ಬರೆದ ಕಾಗದವನ್ನು ನೀವು ಕಳಿಸಲಿಲ್ಲ. ಅವನು ಬರೀ ಕವರಿನಲ್ಲಿ ಫಾರಮು ಹಾಕಿ ಕಳಿಸುವವನಲ್ಲ, ಒಂದು ಪುಟವಾದರೂ ಬರೆದೇ ಇರುತ್ತಾನೆ. ಅದರಲ್ಲಿ ಏನಿತ್ತೆಂದು ನಾನು ಕೇಳುವುದಿಲ್ಲ. ನೀವು ಕಳಿಸಲಿಲ್ಲವಲ್ಲ, ಅದರಲ್ಲೇ ಉತ್ತರ ಸಿಕ್ಕಿತು.

ಉಸ್ಮಾನನ ಮೇಲೆ ಸಂಶಯಪಟ್ಟದ್ದು ನನ್ನ ತಪ್ಪು. ಐಸಮ್ಮನ ಅಂಗಡಿಗೆ ಹೋಗಿ ಅದನ್ನು ಹೇಳಿ ಎಂದು ಅಪ್ಪನಿಗೆ ಹೇಳಿ ಕಳಿಸಿದ್ದೇನೆ. ಅವರು ಹೋಗಿ ಹೇಳಿದ್ದಾರೆ. ಆದರೆ ನಿಮ್ಮ ಮನೆಯ ಮೇಲಿನ ಸಂಶಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಒಂದು ವಿಷಯ ನನ್ನನ್ನು ಕೊರೆಯುತ್ತಾ ಉಂಟು. ಉಳಿದ ಒಕ್ಕಲಿನವರಾರಿಂದಲೂ ಎರಡನೇ ಕಾಗದ ತೆಗೆದುಕೊಂಡಿಲ್ಲ. ನಾನು ಅಪ್ಪನ ಮೂಲಕ ಎಲ್ಲರನ್ನೂ ವಿಚಾರಿಸಿದೆ. ಅಪ್ಪನೊಬ್ಬರೇ ಯಾಕೆ? ಇವರು ಹೇಳಿದರು, "ಹೆಬ್ಬೆಟ್ಟು ಒತ್ತಿದವನು ಮೋಸ ಆಯ್ತು ಅಂದ್ರೆ ಕೇಳುವವರಿದ್ದಾರೆ. ಸಹಿ ಹಾಕಿದವನು ಹೇಳಿದ್ರೆ ಯಾರು ಕೇಳ್ತಾರೆ? ಓದಿಯೇ ಹಾಕಿದ್ದು ಅಂತ ಆಗ್ತದೆ." ಆ ಸಹಿಯನ್ನು ಕಲಿಸಿದವರು ಯಾರು, ಟೀಚರೇ? ಕಲಿಸುವಾಗ ನಿಮಗೂ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ನನ್ನ ಒಂದು ಮನಸ್ಸು ಹೇಳುತ್ತದೆ. ಇನ್ನೊಂದು ಮನಸ್ಸು ಏನು ಹೇಳುತ್ತದೆಂದು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಅಪ್ಪ ಈಗ ಗದ್ದೆಗೆ ಹೋದರೆ ಸಂಜೆಯವರೆಗೂ ಬದುವಿನ ಮೇಲೆ ಕೂತಿರುತ್ತಾರಂತೆ. ಕೆಲಸವಿಲ್ಲದಿದ್ದರೂ. ಯಾರಾದರೂ ಬಂದು ಬೇಲಿ ಹಾಕುತ್ತಾರೋ ಎಂದು ಕಾಯುತ್ತಾರಂತೆ.

ಇನ್ನು ನನಗೆ ಬರೆಯಬೇಡಿ.

ಪ್ರೇಮಾವತಿ


ಪುತ್ತೂರು
೩೦–೮–೧೯೬೫

ಪ್ರೇಮಾ,

ಬರೆಯಬೇಡ ಎಂದಿದ್ದೀ. ಮೂರೂವರೆ ತಿಂಗಳು ಬರೆಯಲಿಲ್ಲ. ಇದೊಂದನ್ನು ಓದು. ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ಅದೂ ಪುತ್ತೂರಿಗೆ ಬಂದು. ಬೆಳ್ಳಾರೆಯ ಪೋಸ್ಟಿನಲ್ಲಿ ಹಾಕಿದರೆ ಯಾರಿಗೆ ಕಳಿಸಿದೆನೆಂದು ಮನೆಗೆ ಗೊತ್ತಾಗುತ್ತದೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ಉಸ್ಮಾನನ ಕಾಗದವನ್ನು ನಾನು ಬೇಕೆಂದೇ ಕಳಿಸಲಿಲ್ಲ. ಎರಡನೇ ಸಹಿ ತಾನು ಕೇಳಲೇ ಇಲ್ಲ ಎಂದು ಅವನು ಬರೆದಿದ್ದ. ಬುರುಡೆಯ ಫಾರಮು ಅರ್ಧ ಕಟ್ಟು ಉಳಿದಿತ್ತೆಂದೂ ಬರೆದಿದ್ದ. ಅದನ್ನು ಓದಿದ ದಿನವೇ ನನಗೆ ಅರ್ಧ ಗೊತ್ತಾಗಿತ್ತು. ಉಳಿದರ್ಧ ಗೊತ್ತಾಗುವುದು ಬೇಡವೆಂದು ಸುಮ್ಮನಿದ್ದೆ. ನಿನ್ನ ಅಪ್ಪ ಹೇಳಿದ ಒಂದೇ ಮಾತನ್ನು ಹಿಡಿದುಕೊಂಡು ಕೂತೆ: ಮುದ್ರೆ ಇರಲಿಲ್ಲ, ಬರೀ ಕಾಗದ. ಹಾಗಾದರೆ ಭಯವಿಲ್ಲ. ಪ್ರತಿ ರಾತ್ರಿ ಅದನ್ನೇ ಹೇಳಿಕೊಂಡು ಮಲಗುತ್ತಿದ್ದೆ.

ಹದಿನೈದು ದಿನದ ಹಿಂದೆ ರೇಡಿಯೊ ಲೈಸೆನ್ಸು ಪರೀಕ್ಷೆ ಮಾಡುವವನು ಬಂದಿದ್ದ. ಅಪ್ಪ ಸುಳ್ಯಕ್ಕೆ ಹೋಗಿದ್ದರು. ಲೈಸೆನ್ಸು ಹುಡುಕಲು ಅಮ್ಮ ಪೆಟ್ಟಿಗೆಯ ಬೀಗದ ಕೈ ಕೊಟ್ಟರು. ಲೈಸೆನ್ಸಿನ ಪುಸ್ತಕದೊಳಗೆ ಮಡಚಿಟ್ಟ ಒಂದು ಕಾಗದ ಸಿಕ್ಕಿತು. ಛಾಪಾ ಕಾಗದ. ಮೇಲೆ ದೊಡ್ಡ ಮುದ್ರೆ, ಮುದ್ರೆಯ ಸುತ್ತ ಅಕ್ಷರ. ನಡುವೆ ಏನೂ ಬರೆದಿಲ್ಲ. ತೀರಾ ಅಡಿಯಲ್ಲಿ ಕುಕ್ಕಪ್ಪ ಗೌಡ, ಕೆಳಗೆ ಗೆರೆ, ಗೆರೆಯ ತುದಿಗೆ ಎರಡು ಚುಕ್ಕಿ.

ಆ ಗಳಿಗೆಯಲ್ಲೂ ನಾನು ಅಪ್ಪನ ಪರವಾಗಿಯೇ ಯೋಚಿಸಿದೆ, ನೋಡು. ಇದು ಆ ಕಾಗದವಲ್ಲ, ಯಾಕೆಂದರೆ ಅದಕ್ಕೆ ಮುದ್ರೆ ಇರಲಿಲ್ಲ. ಇದು ಬೇರೆ ಯಾವುದೋ ವ್ಯವಹಾರದ್ದಿರಬೇಕು. ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಛಾಪಾ ಕಾಗದ ಮಾರುವವನು ಬರೆದಿದ್ದಾನೆ: ಪುತ್ತೂರು, ೧೨–೨–೧೯೬೫, ಕುಕ್ಕಪ್ಪ ಗೌಡರ ಹೆಸರಿಗೆ. ಅಪ್ಪ ಜನರೇಟರು ಗೊತ್ತು ಮಾಡಲು ಪುತ್ತೂರಿಗೆ ಹೋದ ಶುಕ್ರವಾರ. ಸಿನಿಮಾದ ಹಿಂದಿನ ದಿನ.

ಕಾಗದವನ್ನು ಇದ್ದಲ್ಲೇ ಇಟ್ಟು ಬೀಗ ಹಾಕಿದೆ. ನಾಲ್ಕೈದು ದಿನ ಶಾಲೆಯಲ್ಲಿ ಏನು ಪಾಠ ಮಾಡಿದೆನೋ ನನಗೆ ಗೊತ್ತಿಲ್ಲ. ಒಂದು ಪ್ರಶ್ನೆ ಮಾತ್ರ ಬಿಡಲಿಲ್ಲ. ಇಷ್ಟು ದೊಡ್ಡ ಮುದ್ರೆ ನಿನ್ನ ಅಪ್ಪನಿಗೆ ಕಾಣದೆ ಹೋದದ್ದು ಹೇಗೆ? ಅವರು ಸುಳ್ಳು ಹೇಳುವವರಲ್ಲ. ನೋಡದೆ ಸಹಿ ಹಾಕುವವರೂ ಅಲ್ಲ.

ಹೋದ ಆದಿತ್ಯವಾರ ನನ್ನ ನಿಘಂಟು ತೆರೆದಾಗ ಪುಟಗಳ ನಡುವೆ ಆ ರಟ್ಟಿನ ಕನ್ನಡಕ ಸಿಕ್ಕಿತು. ಗುರುತಿಗೆಂದು ನಾನೇ ಇಟ್ಟದ್ದು. ಗೋಡೆಯ ಕ್ಯಾಲೆಂಡರು ಎದುರಿಗೇ ಇತ್ತು. "ಸತ್ಯಾ, ಬಾ ಇಲ್ಲಿ! ಆದಿತ್ಯವಾರ ಎಲ್ಲ ಎಲ್ಲಿಗೆ ಹೋಯ್ತು?" ಎಂದು ಅಪ್ಪ ಕೂಗಿದ್ದು ಕಿವಿಯಲ್ಲಿ ಕೇಳಿತು. ಅಪ್ಪ ಗದ್ದೆ ಕಡೆಗೆ ಹೋಗಿದ್ದರು. ಪೆಟ್ಟಿಗೆ ತೆರೆದೆ. ಕಾಗದ ಬಿಡಿಸಿದೆ. ಮುದ್ರೆ ಕೆಂಪು, ಅದರ ಸುತ್ತಲಿನ ಅಕ್ಷರಗಳೂ ಕೆಂಪು. ಕನ್ನಡಕ ಹಾಕಿಕೊಂಡು ಮೇಲಿನ ಹಾಳೆಯಲ್ಲಿ ನೋಡಿದೆ.

ಏನೂ ಇಲ್ಲ ಪ್ರೇಮಾ. ಬರೀ ಕಾಗದ. ಅಡಿಯಲ್ಲಿ ಕಪ್ಪು ಶಾಯಿಯ ಸಹಿ ಮಾತ್ರ.

ನಿನ್ನ ಅಪ್ಪ ಸರಿಯಾಗಿಯೇ ನೋಡಿದ್ದರು. ಆದರೆ ಕನ್ನಡಕ ತೆಗೆದಿರಲಿಲ್ಲ. ಅವರು ಅದನ್ನು ತೆಗೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಅಪ್ಪನಿಗೂ. ಮುದ್ರೆ ಮಾಯವಾಗುತ್ತದೆಂದು ಅಪ್ಪನಿಗೆ ಬುಧವಾರವೇ ಗೊತ್ತಾಗಿತ್ತು. ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಅಪ್ಪನಿಗೆ ಅಷ್ಟು ನಗು ಯಾಕೆ ಬಂತೆಂದು ಆಗ ತಿಳಿಯಲಿಲ್ಲ.

ಕಲಿಸುವಾಗ ನಿಮಗೂ ಗೊತ್ತಿತ್ತೇ ಎಂದು ಕೇಳಿದ್ದೀ. ಗೊತ್ತಿರಲಿಲ್ಲ. ಆದರೆ ನನ್ನ ತಪ್ಪು ಇಲ್ಲವೆಂದು ಹೇಳಲಾರೆ. ಹೆಸರು ಬರೆಯಲು ಕಲಿತರೆ ಕ್ಲಾಸಿಗೆ ಹೆಸರು ಬರುತ್ತದೆ, ಇನ್ಸ್‌ಪೆಕ್ಟರು ಬಂದಾಗ ತೋರಿಸಬಹುದು. ಹಾಗಾಗಿ ಎಲ್ಲಕ್ಕಿಂತ ಮೊದಲು ಸಹಿ ಕಲಿಸಿದೆ. ಓದುವುದು ಆಮೇಲೆ ಆಗುತ್ತದೆ ಎಂದುಕೊಂಡೆ. ಹಿಂದುಮುಂದು ಮಾಡಿದೆ. ಇದನ್ನು ನಿನ್ನ ಅಪ್ಪನಿಗೆ ಹೇಳು.

ಕಾಗದ ಇದರೊಂದಿಗೆ ಉಂಟು. ಸುಡುತ್ತೀರೋ ಹರಿಯುತ್ತೀರೋ ನಿಮಗೆ ಬಿಟ್ಟದ್ದು. ನಿನ್ನೆ ಅಪ್ಪ ಪೆಟ್ಟಿಗೆಯ ಮುಂದೆ ತುಂಬಾ ಹೊತ್ತು ಕುಳಿತಿದ್ದರು. ಊಟಕ್ಕೆ ಕರೆದರೆ, "ಪೆಟ್ಟಿಗೆಗೆ ಯಾರು ಕೈ ಹಾಕಿದ್ದು?" ಎಂದು ಕೇಳಿದರು. ರೇಡಿಯೊ ಲೈಸೆನ್ಸಿಗೆ ನಾನು ತೆರೆದಿದ್ದೆ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಂಡೆವು. ಇನ್ನು ಈ ಮನೆಯಲ್ಲಿ ನನ್ನ ಗತಿ ಏನೋ ಗೊತ್ತಿಲ್ಲ. ಹೆದರಿಕೆ ಆಗುತ್ತದೆ. ಆದರೂ ನನ್ನ ಅಪ್ಪನನ್ನು ಪ್ರೀತಿಸುವುದು ನಿಲ್ಲಲಿಲ್ಲ ನೋಡು, ಅದೇ ದೊಡ್ಡ ಸಂಕಟ.

ಸತ್ಯಾ


ಕೊಯಿಲ
೧೨–೯–೧೯೬೫

ಸತ್ಯವತಿ ಟೀಚರಿಗೆ ಕುಕ್ಕಪ್ಪ ಬರೆಯುವುದು.

ಮಗಳು ಹೇಳಿ ಕಳಿಸಿದಳು. ನಾನು ಕೊಯಿಲಕ್ಕೆ ಬಂದೆ. ಕಾಗದ ನೋಡಿದೆ. ಅಳಿಯ ಸುಟ್ಟುಬಿಡಿ ಅಂದ. ಮಗಳು ಹರಿದುಬಿಡಿ ಅಂದಳು. ನಾನು ಎರಡೂ ಮಾಡಲಿಲ್ಲ. ಒಳ್ಳೆ ಕಾಗದ. ದಪ್ಪ ಉಂಟು. ನಾನು ಆಗಲೇ ಹೇಳಿದ್ದೆ.

ಈ ಪತ್ರ ಬರೆಯುತ್ತಿರುವುದು ಆ ಕಾಗದದಲ್ಲೇ. ನೀವು ಮೇಲೆ ಮುದ್ರೆ ನೋಡಿರಬಹುದು. ಅಡಿಯಲ್ಲಿ ಸಹಿ ಮೊದಲೇ ಉಂಟು. ನಡುವೆ ಖಾಲಿ ಇತ್ತು. ಖಾಲಿ ಬಿಟ್ಟರೆ ಯಾರಾದರೂ ಬರೆಯುತ್ತಾರೆ. ಅದಕ್ಕೆ ನಾನೇ ಬರೆದೆ. ಸ್ಲೇಟಿನಲ್ಲಿ ಬರೆದು ಮಗಳಿಗೆ ತೋರಿಸಿ ತಿದ್ದಿ ಮತ್ತೆ ಇಲ್ಲಿ ಬರೆದದ್ದು. ಆರು ದಿನ ಆಯಿತು.

ಬೈಲುಗದ್ದೆ ಉಳುವವನು ನಾನು. ಇಪ್ಪತ್ತೆರಡು ವರ್ಷ ಆಯಿತು. ಬಿಟ್ಟಿಲ್ಲ. ಬಿಡುವುದಿಲ್ಲ. ಇದನ್ನು ನಾನೇ ಬರೆದು ನಾನೇ ಓದಿದ್ದೇನೆ. ಕನ್ನಡಕ ಹಾಕಿರಲಿಲ್ಲ.

ಬೋಜಪ್ಪಣ್ಣ ಕೇಳಿದರೆ ಇದನ್ನು ಕೊಡಿ. ಕೇಳದಿದ್ದರೆ ನಿಮ್ಮ ಹತ್ತಿರವೇ ಇರಲಿ. ನಿಮಗೆ ಆ ಮನೆಯಲ್ಲಿ ಕಷ್ಟ ಆದರೆ ಗದ್ದೆಯ ಅಂಚಿನಲ್ಲಿ ನಮ್ಮ ಮನೆ ಉಂಟು. ಬನ್ನಿ.

ಸೋಮವಾರದಿಂದ ಕ್ಲಾಸಿಗೆ ಬರುತ್ತೇನೆ. ಇನ್ನು ಜಾಗ ಇಲ್ಲ.

ಕುಕ್ಕಪ್ಪ ಗೌಡ